ಸರ್ವೋತ್ತಮರ ಮೀಟರು, ಕೆಳಗಿನ ಮನೆಯ ಮಧ್ಯಾಹ್ನ

ಸದ್ದು ಅಳೆಯುವ ಮೀಟರಿನಲ್ಲಿ ‘ಎ’ ಗುಂಡಿ ಒತ್ತಿದರೆ ಅದಕ್ಕೆ ವೂಫರಿನ, ಅಂದರೆ ಮಂದ್ರಸ್ವರದ ಸ್ಪೀಕರಿನ, ಗುಡುಗು ಬಹುಮಟ್ಟಿಗೆ ಕೇಳಿಸುವುದಿಲ್ಲ. ‘ಸಿ’ ಒತ್ತಿದರೆ ಕೇಳಿಸುತ್ತದೆ. ಮೀಟರು ಕೆಟ್ಟಿದ್ದಲ್ಲ, ಮಾಡಿದ್ದೇ ಹಾಗೆ. ನಮ್ಮ ಕಾನೂನಿನ ಶಬ್ದಮಿತಿ ಇರುವುದು ‘ಎ’ ಲೆಕ್ಕದಲ್ಲಿ. ಮನೆಮನೆಗೂ ವೂಫರ್ ಬಂದು ಇಷ್ಟು ವರ್ಷವಾದ ಮೇಲೂ ಇದು ನಿಮಗೆ ಗೊತ್ತಿಲ್ಲವೆಂದರೆ ನೀವು ಮೇಲಿನ ಮನೆಯಲ್ಲಿರುವವರು.

ಸಾನಪಾಡಾದ ಸರ್ವೋತ್ತಮರಿಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಅವರ ಕತೆ ಹೇಳಲು ಹೊರಟಿದ್ದೂ ಅದಕ್ಕೇ.

ಉಡುಪಿ ಕಡೆಯವರು. ಸ್ಟೇಷನ್ ಹತ್ತಿರದ ಶಾಕಾಹಾರಿ ಹೋಟೆಲೊಂದರಲ್ಲಿ ಪಾಲುದಾರರು, ಗಲ್ಲಾದ ಮುಂದೆ ಕೂರುವವರೂ ಅವರೇ. ಬೆಳಗಿನ ಇಡ್ಲಿಯಿಂದ ಹಿಡಿದು ರಾತ್ರಿ ನೆಲ ತೊಳೆಯುವವರೆಗೆ ಹೋಟೆಲು. ಊಟದ ಗಿರಾಕಿಗಳು ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಸಿಗುವ ಮಧ್ಯಾಹ್ನದ ಬಿಡುವಷ್ಟೇ ಅವರ ಸ್ವಂತದ್ದು. ಬೇರೆ ಹೋಟೆಲಿನವರು ಆ ಹೊತ್ತಿಗೆ ಮಲಗುತ್ತಾರೆ. ಸರ್ವೋತ್ತಮರು ಮನೆಗೆ ಬಂದು, ಹಾಲ್‌ನ ಪರದೆ ಎಳೆದು, ಅಕ್ಕಿ ಮೂಟೆಯಷ್ಟು ದೊಡ್ಡದಾದ ತಮ್ಮ ವೂಫರ್ ಹಾಕುತ್ತಿದ್ದರು.

ಗದ್ದಲದ ಮನುಷ್ಯ ಎಂದುಕೊಳ್ಳಬೇಡಿ. ಮೆರವಣಿಗೆಯ ಡಿಜೆ ಕಂಡರೆ ಅವರಿಗೆ ಆಗುವುದಿಲ್ಲ. ಯಕ್ಷಗಾನದ ರೆಕಾರ್ಡಿಂಗ್ ಹಾಕಿದರೆ ಮದ್ದಳೆಯ ‘ಗುಂ’ ಬಂದು ಎದೆಗೆ ತಾಗಿ ಅಲ್ಲೇ ನಿಲ್ಲಬೇಕು, ಉದ್ದಕ್ಕೆ ಎಳೆಯಬಾರದು. ಅವರು ಬಯಸಿದ್ದು ಅಷ್ಟೇ. ಅದಕ್ಕಾಗಿ ಮುಳ್ಳು ಅಲ್ಲಾಡುವ ಮೀಟರೊಂದನ್ನು ತಂದಿದ್ದರು. ಸೋಫಾದಲ್ಲಿ ತಾವು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಅದನ್ನು ನಿಲ್ಲಿಸಿ, ‘ಸಿ’ ಗುಂಡಿ ಒತ್ತಿ, ವೂಫರಿನಲ್ಲಿ ತೀರ ಕೆಳಗಿನ ಸ್ವರದಿಂದ ಒಂದೊಂದೇ ಮೇಲೇರಿಸುತ್ತ, ಮುಳ್ಳು ನಿಂತಲ್ಲಿಗೆ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುವುದು. ಚುಕ್ಕೆಗಳನ್ನು ಸೇರಿಸಿದ ಗೆರೆ ಸಮವಾಗಿದ್ದರೆ ವೂಫರ್ ನಿಜ ಹೇಳುತ್ತಿದೆ ಎಂದರ್ಥ.

ಹೆಂಡತಿ ವಾರಿಜಾ ನಗುತ್ತಿದ್ದರು. “ಜನ ಸೋಫಾದಲ್ಲಿ ಕೂತು ಟಿವಿ ನೋಡ್ತಾರೆ. ನೀವು ಸೋಫಾಕ್ಕೇ ಬಿಪಿ ಚೆಕ್ ಮಾಡ್ತೀರಲ್ಲ ಮಾರಾಯ್ರೆ!”

ಗೆರೆ ಸಮವಾಗುತ್ತಿರಲಿಲ್ಲ. ನಲವತ್ತೈದು ಹರ್ಟ್ಜ್‌ನ ಮಂದ್ರಸ್ವರದ ಹತ್ತಿರ ಗೆರೆಯಲ್ಲಿ ದೊಡ್ಡ ಹೊಂಡ. ಹೊಂಡ ತುಂಬಲೆಂದು ಸರ್ವೋತ್ತಮರು ವಾಲ್ಯೂಮ್ ಏರಿಸುತ್ತಿದ್ದರು.

ಅವರ ಕೆಳಗಿನ ಮನೆ ಪ್ರಫುಲ್ಲಾ ಅವರದು. ಅವರೂ ಉಡುಪಿ ಕಡೆಯವರೇ. ವಾಶಿಯ ಆಫೀಸೊಂದರಲ್ಲಿ ದುಡಿದು ನಿವೃತ್ತರಾದವರು. ಭಿವಂಡಿಯ ಗೋದಾಮಿಗೆ ಕೆಲಸಕ್ಕೆ ಹೋಗುವ ಮಗ ಮನೀಷನಿಗೆ ನಸುಕಿನಲ್ಲೇ ಡಬ್ಬಿ ಕಟ್ಟಿಕೊಟ್ಟು, ಮಧ್ಯಾಹ್ನ ಊಟವಾದ ಮೇಲೆ ಒಂದಿಷ್ಟು ಅಡ್ಡಾಗುವವರು. ಅವರೊಂದು ದಿನ ಮೇಲೆ ಬಂದು ಬಾಗಿಲಲ್ಲೇ ನಿಂತು ಹೇಳಿದರು:

“ಸರ್ವೋತ್ತಮ, ನಿನ್ನ ಆ ಡಬ್ಬ ಮಧ್ಯಾಹ್ನ ನನ್ನ ಎದೆ ಮೇಲೆ ಕೂತಿರ್ತದೆ. ಕೇಳ್ತದೆ ಅಂತ ಅಲ್ಲ. ಯಾರೋ ಒಳಗೆ ಚಪಾತಿ ಹಿಟ್ಟು ನಾದಿದ ಹಾಗೆ.”

“ಅಳೆದೇ ಬಿಡುವ ಪ್ರಫುಲ್ಲಕ್ಕ” ಎಂದರು ಸರ್ವೋತ್ತಮರು. ಮನಸ್ಸಿನಲ್ಲಿ ಕಪಟವಿರಲಿಲ್ಲ.

ಕಟ್ಟಡದ ಮನೆಯವರ ಸೊಸೈಟಿಯ ಸೆಕ್ರೆಟರಿಯನ್ನೂ ಕರೆದರು. ಮೇಲೆ ವಾರಿಜಾ ಹೆಲಿಕಾಪ್ಟರ್ ಇಳಿಯುವ ಸಿನಿಮಾ ಹಾಕಿದರು, ದಿನದ ವಾಲ್ಯೂಮಿನಲ್ಲೇ. ಕೆಳಗೆ ಪ್ರಫುಲ್ಲಾ ಅವರ ಮಂಚದ ಪಕ್ಕ ಸರ್ವೋತ್ತಮರು ಮೀಟರ್ ಹಿಡಿದರು. ಸೆಕ್ರೆಟರಿ ಮೊಬೈಲಿನಲ್ಲಿ ನಿಯಮ ಹುಡುಕಿ, “ರೂಲ್ ಮೇ ‘ಎ’ ಹೈ, ‘ಎ’ ಪೇ ರಖೋ” ಎಂದ. ಸರ್ವೋತ್ತಮರ ಬೆರಳು ಒಂದು ಕ್ಷಣ ತಡೆಯಿತು. ನಿಯಮ ನಿಯಮವೇ ತಾನೆ. ಒತ್ತಿದರು.

ನಲವತ್ತನಾಲ್ಕು ಡೆಸಿಬಲ್.

“ದೇಖೋ ಆಂಟಿ, ದಿನ್ ಕಾ ಲಿಮಿಟ್ ಪಚ್‌ಪನ್ ಹೈ. ಗ್ಯಾರಾ ಕಮ್!” ಎಂದ ಸೆಕ್ರೆಟರಿ; ಹಗಲಿನ ಮಿತಿ ಐವತ್ತೈದು, ಇದು ಅದಕ್ಕಿಂತ ಹನ್ನೊಂದು ಕಡಿಮೆ.

“ಮತ್ತೆ ಇದೇನು?” ಪ್ರಫುಲ್ಲಾ ಕಪಾಟಿನ ಗಾಜು ತೋರಿಸಿದರು. ಅದು ಸಣ್ಣಗೆ ಗುಂಯ್‌ಗುಡುತ್ತಿತ್ತು.

“ವೋ ತೋ ಪಾಮ್ ಬೀಚ್ ರೋಡ್ ಕಾ ಟ್ರಾಫಿಕ್.”

ಸರ್ವೋತ್ತಮರು ಮೀಟರ್ ಆಫ್ ಮಾಡಿದರು. ಆ ಕೋಣೆಯಲ್ಲಿ ಯಾರೂ ಸುಳ್ಳಾಡಲಿಲ್ಲ; ಮುಳ್ಳು ನಿಂತದ್ದು ನಿಜವಾಗಿ ನಲವತ್ತನಾಲ್ಕಕ್ಕೇ. ಸುಳ್ಳಾದದ್ದು ಪ್ರಫುಲ್ಲಾ ಒಬ್ಬರೇ. ನಮ್ಮ ಕಟ್ಟಡಗಳಲ್ಲಿ ಹೆಂಗಸಿನ ಬಾಯಿ ಮುಚ್ಚಿಸಲು ಬೈಯಬೇಕಾಗಿಲ್ಲ, ಒಂದು ಅಂಕಿ ತೋರಿಸಿದರೆ ಸಾಕು.

ಮನೀಷ ಕೆಟ್ಟ ಮಗನಲ್ಲ. ಎದೆಯಲ್ಲಿ ಏನೋ ಆಗುತ್ತದೆಂದು ತಾಯಿ ಮತ್ತೆ ಹೇಳಿದಾಗ ಡಾಕ್ಟರ ಬಳಿ ಕರೆದೊಯ್ದ. ಇಸಿಜಿ ಸರಿಯಿತ್ತು. ಹಾಗಾದರೆ ತೊಂದರೆ ತಲೆಯಲ್ಲಿ ಎಂದಾಯಿತು. ತಾಯಿ ಡೊಂಬಿವ್ಲಿಯ ಚಿಕ್ಕಮ್ಮನ ಮನೆಯಲ್ಲಿ ‘ಸ್ವಲ್ಪ ದಿನ’ ಇರಲಿ ಎಂದು ನಿರ್ಧರಿಸಿದ. ಆ ‘ಸ್ವಲ್ಪ ದಿನ’ ಎಷ್ಟು ಉದ್ದವೆಂದು ಪ್ರಫುಲ್ಲಾ ಅವರಿಗೆ ಗೊತ್ತಿತ್ತು. ಅಡುಗೆಮನೆಯ ಟೈಲ್ಸಿನಿಂದ ಕಿಟಕಿಯ ಜಾಳಿಗೆಯವರೆಗೆ ತಾವೇ ನಿಂತು ಮಾಡಿಸಿದ ಮನೆ. ಅದನ್ನು ಬಿಡಲು ಮನಸ್ಸಿಲ್ಲ, ಇರುತ್ತೇನೆನ್ನಲು ಅವರ ಮಾತಿಗೆ ಬೆಲೆಯಿಲ್ಲ.

“ಪ್ರಫುಲ್ಲಕ್ಕ ಆದಿತ್ಯವಾರ ಹೋಗ್ತಾರಂತೆ. ತಲೆ ಸರಿ ಇಲ್ಲಾಂತ ಸೊಸೈಟಿಯೆಲ್ಲ ಮಾತು” ಎಂದರು ವಾರಿಜಾ, ಊಟ ಬಡಿಸುತ್ತ.

“ನಾನೆಂತ ಮಾಡ್ಲಿ? ಅಂಕಿ ಬಂದದ್ದೇ ಅಷ್ಟು.”

ಶನಿವಾರ ಮಧ್ಯಾಹ್ನ ಸರ್ವೋತ್ತಮರು ಮತ್ತೆ ಅದೇ ಹೊಂಡದ ಮುಂದೆ ಕೂತಿದ್ದರು. ವೂಫರಿನಿಂದ ನಲವತ್ತೈದು ಹರ್ಟ್ಜ್‌ನ ಒಂದೇ ಸ್ವರ. ಮುಳ್ಳು ಏಳುತ್ತಿಲ್ಲ. ವಾಲ್ಯೂಮ್ ಏರಿಸಿದರು. ಇನ್ನಷ್ಟು ಏರಿಸಿದರು.

ಅಡುಗೆಮನೆಯಿಂದ ಕೂಗು ಬಂತು: “ಇಲ್ಲಿ ಡಬ್ಬಿಗಳೆಲ್ಲ ವೇಷ ಕಟ್ಟಿದ ಹಾಗೆ ಕುಣೀತಾ ಉಂಟು!”

“ಇಲ್ಲಿ ಏನೂ ಇಲ್ಲ ಮಾರಾಯ್ತಿ.”

“ನಿಮ್ಮ ‘ಇಲ್ಲಿ’ ನಿಮಗಾಯ್ತು. ನನ್ನ ‘ಇಲ್ಲಿ’ಗೊಮ್ಮೆ ಬನ್ನಿ.”

ಮೀಟರ್ ಹಿಡಿದುಕೊಂಡು ಎದ್ದು ಹೋದರು. ಅಡುಗೆಮನೆಯ ಗೋಡೆಯ ಹತ್ತಿರ ಮುಳ್ಳು ಹಾರಿ ಅಳತೆಯ ತುದಿಗೆ ಬಡಿಯಿತು. ಮತ್ತೆ ಸೋಫಾಕ್ಕೆ ಬಂದರು, ಬಿತ್ತು. ಗೋಡೆಗೆ ಹೋದರು, ಹಾರಿತು. ಕೋಣೆಯೊಳಗೆ ಇಂಥ ಸ್ವರ ಗೋಡೆಗಳ ಬುಡದಲ್ಲಿ ರಾಶಿ ಬೀಳುತ್ತದೆ, ನಡುವಿನಲ್ಲಿ ಇಲ್ಲವಾಗುತ್ತದೆ. ಸೋಫಾ ಗೋಡೆಗೆ ಒತ್ತಿರಬಾರದೆಂದು ಎಲ್ಲೋ ಓದಿ ಅದನ್ನು ನಟ್ಟನಡುವೆ ಎಳೆದಿದ್ದವರು ಅವರೇ. ಆ ಹೊಂಡ ವಾಲ್ಯೂಮಿನಿಂದ ತುಂಬುವಂಥದ್ದಲ್ಲ. ಹೊಂಡದಲ್ಲಿ ಕೂತು ‘ಸದ್ದು ಸಾಲದು’ ಎಂದು ಸುರಿದದ್ದೆಲ್ಲ ಗೋಡೆಗೆ, ನೆಲಕ್ಕೆ, ಕೆಳಗಿನ ಮಂಚಕ್ಕೆ ಹೋಗಿತ್ತು.

ಕೈಯಲ್ಲಿದ್ದ ಮೀಟರನ್ನು ನೋಡಿದರು. ಗುಂಡಿ ‘ಸಿ’ಯಲ್ಲಿತ್ತು. ತಮ್ಮ ಸೋಫಾ ಅಳೆಯುವಾಗ ಅದು ಯಾವತ್ತೂ ‘ಸಿ’. ‘ಎ’ ಒತ್ತಿದ್ದು ಒಮ್ಮೆ ಮಾತ್ರ, ಇನ್ನೊಬ್ಬರ ಮನೆಯಲ್ಲಿ.

ವೂಫರ್ ನಿಲ್ಲಿಸದೆ ಕೆಳಗಿಳಿದರು. ರಜೆ ಹಾಕಿ ಮನೆಯಲ್ಲಿದ್ದ ಮನೀಷ ಬಾಗಿಲು ತೆರೆದ. ಹಾಲ್‌ನಲ್ಲಿ ಬ್ಯಾಗು ತುಂಬಿಟ್ಟಿತ್ತು.

“ಪ್ರಫುಲ್ಲಕ್ಕ, ಇನ್ನೊಮ್ಮೆ ಅಳೀತೇನೆ.”

“ಅಳಿ ಅಳಿ. ನಾಳೆ ಅಳೆಯಲಿಕ್ಕೆ ನಾನಿರುವುದಿಲ್ಲ.”

ಮಂಚದ ಪಕ್ಕ ಮುಳ್ಳು ಎಪ್ಪತ್ತೆರಡಕ್ಕೆ ನಿಂತಿತು. ಮನೀಷ ಬಗ್ಗಿ ನೋಡಿದ. “ಅಂಕಲ್, ಉಸ್ ದಿನ್ ತೋ ಚವ್ವಾಲೀಸ್ ಥಾ?” ಆ ದಿನದ ನಲವತ್ತನಾಲ್ಕನ್ನು ಅವನೂ ಕೇಳಿದ್ದ.

“ಆ ದಿನ ಗುಂಡಿ ಬೇರೆ. ಈ ಸದ್ದು ಆ ಗುಂಡಿಗೆ ಕೇಳುವುದಿಲ್ಲ. ಒತ್ತಿದ್ದು ನಾನೇ.”

“ಆಪ್‌ಕೋ ಪತಾ ಥಾ?”

“ಗೊತ್ತಿತ್ತು. ಹೇಳಲಿಲ್ಲ.”

ಕಪಾಟಿನ ಗಾಜು ಇನ್ನೂ ಗುಂಯ್‌ಗುಡುತ್ತಿತ್ತು. ಪ್ರಫುಲ್ಲಾ ಅದರ ಮೇಲೆ ಅಂಗೈ ಇಟ್ಟು ಹೇಳಿದರು: “ಮೀಟರಿಗೆ ಎರಡು ಗುಂಡಿ ಉಂಟು ಸರ್ವೋತ್ತಮ. ನನಗೆ ದೇವರು ಒಂದೂ ಕೊಡಲಿಲ್ಲ. ಮೇಲೆ ಹೋಗಿ ಮೊದಲು ಆ ಡಬ್ಬ ಬಂದ್ ಮಾಡು, ಆಮೇಲೆ ಬಾ, ಚಾ ಮಾಡ್ತೇನೆ.”

ಅವರು ಚಹಾಕ್ಕೆ ಮರಳುವಷ್ಟರಲ್ಲಿ ಮನೀಷ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಕಪಾಟಿಗೆ ಇಡುತ್ತಿದ್ದ. “ಅದು ಕೆಳಗಿನ ಖಾನೆಗೆ ಅಲ್ಲ, ಮೇಲೆ” ಎಂದು ತಾಯಿ ಸ್ಟೌ ಮುಂದಿನಿಂದಲೇ ಗದರಿಸುತ್ತಿದ್ದರು.

ನಿಯಮ ಬದಲಾಗಿಲ್ಲ. ಸೆಕ್ರೆಟರಿ ಈಗಲೂ ‘ರೂಲ್ ತೋ ಎ ಹೀ ಹೈ’ ಎನ್ನುತ್ತಾನೆ. ಬದಲಾದದ್ದು ಸೋಫಾ, ಗೋಡೆಗೆ ಸರಿಯಿತು. ಮದ್ದಳೆ ಅಲ್ಲಿ ತುಸು ಎಳೆಯುತ್ತದೆ, ಇರಲಿ ಎನ್ನುತ್ತಾರೆ ಸರ್ವೋತ್ತಮರು. ವಾಲ್ಯೂಮ್ ಎಷ್ಟಿರಬೇಕೆಂದು ತೀರ್ಮಾನಿಸಿದ್ದು ಮೀಟರಲ್ಲ. ಪ್ರಫುಲ್ಲಾ ತಮ್ಮ ಮಂಚದಲ್ಲಿ ಮಲಗಿ ಫೋನಿನಲ್ಲಿ “ಇನ್ನೂ ಉಂಟು… ಇನ್ನೂ ಉಂಟು… ಹಾಂ, ಈಗ ಇಲ್ಲ” ಎಂದಲ್ಲಿಗೆ ಸರ್ವೋತ್ತಮರು ವಾಲ್ಯೂಮ್ ಇಳಿಸುವುದನ್ನು ನಿಲ್ಲಿಸಿದರು. ವಾಲ್ಯೂಮ್ ನಾಬಿನ ಪಕ್ಕ ಆ ಜಾಗಕ್ಕೆ ವಾರಿಜಾ ತಮ್ಮ ಹಣೆಯ ಬಿಂದಿ ತೆಗೆದು ಅಂಟಿಸಿದ್ದಾರೆ.

ಇನ್ನು ನೀವು. ನಿಮ್ಮ ವೂಫರನ್ನು ದಿನದ ವಾಲ್ಯೂಮಿನಲ್ಲೇ ಹಾಕಿಟ್ಟು ಮೆಟ್ಟಿಲಿಳಿಯಿರಿ. ಕೆಳಗಿನ ಮನೆಯ ಬಾಗಿಲು ತಟ್ಟಿ, ಕೇಳಿಕೊಂಡು, ಅವರು ಮಲಗುವ ಕೋಣೆಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂತು ಬನ್ನಿ. ಮೀಟರು ಬೇಡ. ಈ ಆದಿತ್ಯವಾರವೇ ಹೋಗಿ.