ಮೇಸ್ತ್ರಿಯ ಬಾಯಿಗೆ ಮರಳಿದ ಮಾತು

ಸೂರಿನ ಅಂಚಿಗೆ ತಗಡಿನ ದೋಣಿ ಕಟ್ಟಿ, ಮಳೆನೀರು ಗೋಡೆಗೆ ತಾಗದಂತೆ ಕೆಳಗಿಳಿಸುವುದು ಅವರ ಕಸುಬು. ಊರೆಲ್ಲ ಅವರನ್ನು ದೋಣಿ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಹೊಳೆಯೇ ಇಲ್ಲದ ಊರಲ್ಲಿ ಇದೆಂಥ ದೋಣಿ ಎಂದು ಹೊಸಬರು ಕೇಳಿದರೆ, ಮೇಸ್ತ್ರಿ ನಗದೆಯೇ ಆಕಾಶ ತೋರಿಸುತ್ತಿದ್ದರು.

ನಾಲ್ಕು ದಿಕ್ಕಿನಿಂದ ಬಂದವರು ಸೇರಿ ಆದ ಊರು ಅದು. ಒಂದು ಬೀದಿಯವರು ದಂಬೆ ಎಂದರೆ ಪಕ್ಕದ ಬೀದಿಯವರು ಪರನಾಲಾ ಎನ್ನುವರು; ಹೊಸ ಕಟ್ಟಡಗಳವರಿಗೆ ಅದು ಗಟರ್. ಮೇಸ್ತ್ರಿ ಯಾರನ್ನೂ ತಿದ್ದಲು ಹೋದವರಲ್ಲ. ಸೋರುವ ಮನೆಯವರ ಹತ್ತಿರ ವ್ಯಾಕರಣ ಮಾತಾಡಬಾರದು ಎನ್ನುವರು. ಯಾರ ಗೋಡೆಗೆ ಏಣಿ ಹಾಕಿದರೋ ಅವರ ಮಾತು.

ಅವರಿಗೆ ಕೆಲಸ ಕಲಿಸಿದ ಗುರು ಮಾತ್ರ ಪಾತ್ತಿ ಎನ್ನುತ್ತಿದ್ದರು. ಮೀಸೆ ಮೂಡುವ ಮೊದಲೇ ಅವರ ಕೈಕೆಳಗೆ ಸೇರಿದ್ದ ಮೇಸ್ತ್ರಿ, ಮನೆಗಳ ಮಾಡು ಹತ್ತಿ ಕೆಲಸದಲ್ಲಿದ್ದಷ್ಟು ಹೊತ್ತೂ ಗುರುವಿನ ಭಾಷೆಯನ್ನೇ ಆಡಿ ಬೆಳೆದವರು. ಗುರು ತೀರಿಕೊಂಡ ಮೇಲೆ ಕೆಲಸದಲ್ಲಿ ಅವರ ಜೊತೆ ಆ ಭಾಷೆಯನ್ನು ಆಡಲು ಯಾರೂ ಉಳಿಯಲಿಲ್ಲ. ಅದು ಮಾಡಿನಿಂದ ಮನೆಗೆ ಇಳಿದು ಬಂದಿರಲೇ ಇಲ್ಲ. ಹೆಂಡತಿಗೂ ಮಗಳಿಗೂ ಅದರ ಒಂದಕ್ಷರ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ, ಹೋಟೆಲಿನ ಬೆಂಚಿನ ಮೇಲೆ ಕೂತಿದ್ದ ಮೇಸ್ತ್ರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಅದಕ್ಕಿಂತ ಹೆಚ್ಚಾಗಿ, ಮಾತು ಹೋಯಿತು. ಮಗಳೂ ಅಪ್ಪನ ಜೊತೆ ತಗಡು ಬಗ್ಗಿಸುವವಳೇ, ಆದರೆ ಆ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಆಸ್ಪತ್ರೆ, ಔಷಧಿ, ಓಡಾಟ ಎಂದು ಉಳಿದದ್ದೆಲ್ಲ ತಲೆಯಿಂದ ಜಾರಿಹೋಯಿತು.

ಮನೆಗೆ ಬಂದ ಕೆಲವು ದಿನಕ್ಕೆ ಮೇಸ್ತ್ರಿಯ ನಾಲಿಗೆ ಒಂದೇ ಒಂದು ಮಾತಿಗೆ ಹೊರಳಿತು. ಹೆಂಡತಿಗೆ ಅದು ಬತ್ತಿ ಎಂದು ಕೇಳಿಸಿತು. ಕಣ್ಣು ಮಂಜಾಗಿರಬೇಕೆಂದು ಮೇಣದ ಬತ್ತಿ ಹಚ್ಚಿ ತಂದರು. ಮೇಸ್ತ್ರಿ ಅಲ್ಲವೆಂದು ತಲೆ ಆಡಿಸಿದರು. ಹತ್ತಿ ಇರಬಹುದೆಂದು ದಿಂಬು ಬದಲಿಸಿದರು. ಅದೂ ಅಲ್ಲ. ಎಡಗೈಯಿಂದ ಮಂಚ ಗುದ್ದಿ ಅದೇ ಮಾತನ್ನು ಹೇಳಿ ಹೇಳಿ, ಕೊನೆಗೆ ಗೋಡೆಗೆ ಮುಖ ಮಾಡಿ ಅತ್ತರು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡ ಅತ್ತದ್ದನ್ನು ಆಕೆ ನೋಡಿರಲಿಲ್ಲ. ಬುದ್ಧಿಗೂ ಏಟು ಬಿದ್ದಿದೆಯೇನೋ ಎಂದು ಒಳಗೊಳಗೇ ಕುಸಿದರು.

ಬೀದಿ ಕೊನೆಯ ಇಸ್ತ್ರಿ ಅಂಗಡಿಯವನು ನೋಡಲು ಬಂದದ್ದು ಮರುದಿನ. ಮೇಸ್ತ್ರಿಯ ಬಾಯಿಂದ ಅದೇ ಮಾತು ಹೊರಟಾಗ ಅವನು ಕೂತಲ್ಲಿಂದ ಎದ್ದು ನಿಂತ.

“ಇದು ನಮ್ಮ ಭಾಷೆ ಅಮ್ಮ. ಪಾತ್ತಿ ಅಂದ್ರೆ ಸೂರಿನ ದೋಣಿ.”

ಅವನು ಬಗ್ಗಿ, ತನ್ನ ಭಾಷೆಯಲ್ಲೇ, ಯಾವ ಪಾತ್ತಿ, ಏನಾಗಿದೆ ಎಂದು ಕೇಳಿದ. ಮೇಸ್ತ್ರಿಯ ಕಣ್ಣು ಅರಳಿತು. ಬಹಳ ಒದ್ದಾಡಿ ಇನ್ನೊಂದು ಮಾತು ತೆಗೆದರು: ಕಂಬಿ.

“ತಂತಿ ಅಂತಿದಾರೆ,” ಎಂದ ಇಸ್ತ್ರಿಯವನು.

ಮಗಳು ಎದ್ದು ಏಣಿಯತ್ತ ಓಡಿದಳು. ಲಕ್ವ ಹೊಡೆದ ದಿನ ಅಪ್ಪ ಹೆರಿಗೆ ಆಸ್ಪತ್ರೆಯ ಬಾಗಿಲ ಮೇಲೆ ಉದ್ದನೆಯ ದೋಣಿ ಏರಿಸುತ್ತಿದ್ದರು. ಮೊದಲು ತಂತಿಯಲ್ಲಿ ತೂಗುಹಾಕಿ, ಇಳಿಜಾರು ನೋಡಿ, ಆಮೇಲೆ ಕಬ್ಬಿಣದ ಕೊಂಡಿ ಬಡಿಯುವುದು ಅವರ ರೂಢಿ. ಊಟ ಮಾಡಿ ಬಂದು ಕೊಂಡಿ ಬಡಿಯಬೇಕಿತ್ತು. ಕೆಳಗಿನಿಂದ ನೋಡಿದವರಿಗೆ ಕೆಲಸ ಮುಗಿದಂತೆಯೇ ಕಾಣುತ್ತದೆ.

ಅವಳು ಏಣಿ ಹೊತ್ತು ಹೋಗುವಷ್ಟರಲ್ಲಿ ಹನಿ ಬೀಳತೊಡಗಿತ್ತು. ಮಳೆಗೆ ಹೆದರಿದವರೆಲ್ಲ ಆ ಸೂರಿನ ಕೆಳಗೇ ಗುಂಪಾಗಿದ್ದರು. ಮೊಮ್ಮಗುವನ್ನು ಎದೆಗವಚಿಕೊಂಡ ಒಬ್ಬ ಅಜ್ಜಿ ಸರಿಯಾಗಿ ನಡುವಿನಲ್ಲಿ. ಒಂದು ತಂತಿ ಆಗಲೇ ಕಿತ್ತುಹೋಗಿ, ಎಲೆ, ಕೆಸರು ತುಂಬಿದ ದೋಣಿ ಒಂದು ಕಡೆಗೆ ವಾಲಿತ್ತು. ಮಗಳು ಕೂಗಾಡಲಿಲ್ಲ. ಕೂಗಿದರೆ ಜನ ಮೇಲೆ ನೋಡುತ್ತಾ ಅಲ್ಲೇ ನಿಲ್ಲುತ್ತಾರೆಂದು ಅವಳಿಗೆ ಗೊತ್ತಿತ್ತು. ಅಜ್ಜಿಯ ಭುಜ ಹಿಡಿದು, “ಒಳಗೆ ಬನ್ನಿ ಅಜ್ಜಿ, ಮಗುಗೆ ಥಂಡಿ ಹೊಡೆಯತ್ತೆ,” ಎಂದು ನಡೆಸಿಕೊಂಡು ಹೋದಳು. ಉಳಿದವರೂ ಹಿಂದೆಯೇ ಸರಿದರು. ಏಣಿ ಇಡುವ ಮೊದಲೇ ಇನ್ನೊಂದು ತಂತಿ ಬಿಟ್ಟು, ದೋಣಿಯ ತುದಿ ಕಲ್ಲುಹಾಸಿಗೆ ಬಂದು ಅಪ್ಪಳಿಸಿತು. ಅಲ್ಲಿ ಯಾರೂ ಇರಲಿಲ್ಲ.

ಮಳೆ ನಿಂತ ಮೇಲೆ ಅವಳು ಅದನ್ನು ಮತ್ತೆ ಏರಿಸಿ, ಕೊಂಡಿ ಬಡಿದು ಮನೆಗೆ ಬಂದಳು. ಅಪ್ಪನ ಮಂಚದ ಪಕ್ಕ ಕೂತು, ಇಸ್ತ್ರಿಯವನಿಂದ ಕಲಿತ ಮಾತನ್ನೇ ಹೇಳಿದಳು: “ಪಾತ್ತಿ ಗಟ್ಟಿಯಾಯ್ತಪ್ಪ.” ಮೇಸ್ತ್ರಿ ಎಡಗೈಯಿಂದ ಅವಳ ಅಂಗೈ ತಿರುಗಿಸಿ, ತಗಡು ಕೊಯ್ದ ಗಾಯವನ್ನು ಬಹಳ ಹೊತ್ತು ನೋಡಿದರು.

ಆಮೇಲೆ ಬಂದ ಮಾತುಗಳೂ ಹೆಚ್ಚಿನವು ಗುರುವಿನ ಭಾಷೆಯವೇ. ಏಕೆಂದು ಡಾಕ್ಟರು ಏನೇನೋ ಹೇಳಿದರು. ಹೆಂಡತಿ ಅದನ್ನು ಕೇಳುತ್ತ ಕೂರಲಿಲ್ಲ. ದಿನವೂ ಮಧ್ಯಾಹ್ನ ಇಸ್ತ್ರಿ ಅಂಗಡಿಗೆ ಹೋಗಿ, ಬಿಸಿ ಬಟ್ಟೆಗಳ ನಡುವೆ ಸ್ಟೂಲಿನ ಮೇಲೆ ಕೂತು, ನಿದ್ದೆಗೆ ಏನನ್ನುತ್ತಾರೆ, ಸಾಕು ಎನ್ನುವುದಕ್ಕೆ ಏನು ಎಂದು ಕೇಳಿ ಬರುತ್ತಿದ್ದರು. ಒಂದು ದಿನ ಬಂದು ಮಗಳಿಗೆ ಹೇಳಿದರು:

“ನೋವಿಗೆ ಅವರಲ್ಲೂ ನೋವು ಅಂತಾನೇ ಅಂತಾರಂತೆ. ಅದೊಂದು ಕಲಿಯೋದು ತಪ್ಪಿತು.”

ಮೇಸ್ತ್ರಿ ಇನ್ನೂ ನಾಲ್ಕು ಮಳೆಗಾಲ ಬದುಕಿದರು. ಮಗಳು ಕೆಲಸಕ್ಕೆ ಹೋದ ಕಡೆ ಕುರ್ಚಿ ಹಾಕಿಸಿಕೊಂಡು ಕೆಳಗೆ ಕೂರುತ್ತಿದ್ದರು. ಅವಳು ಮೇಲಿನಿಂದ ಒಂದು ಕೊಡ ನೀರು ಸುರಿದರೆ, ಅದು ಎಲ್ಲೂ ನಿಲ್ಲದೆ ಹರಿದು ಕೊಳವೆಯ ಬಾಯಿಂದ ಇಳಿಯುವವರೆಗೆ ಅವರು ರೆಪ್ಪೆ ಹೊಡೆಯುತ್ತಿರಲಿಲ್ಲ. ಪಕ್ಕದಲ್ಲಿ ಹೆಂಡತಿ, ಹೊಸದಾಗಿ ಕಲಿತ ಭಾಷೆಯಲ್ಲಿ ತಪ್ಪು ತಪ್ಪಾಗಿ, ಹಸಿವಾಯಿತೇ ಎಂದು ಕೇಳುತ್ತಿದ್ದರು.