ಬಾಣ ತಿರುಗಿಸಿದ ಪೇಂಟರು

ಪೇಂಟರಿಗೆ ಕೂತು ಊಟ ಮಾಡಿ ಗೊತ್ತಿಲ್ಲ. ತಟ್ಟೆಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೀದಿಬಾಗಿಲಿಗೆ ಓಡಾಡುತ್ತಲೇ ಉಣ್ಣುವವರು. “ಇವರ ಹೊಟ್ಟೆಗೆ ಇಳಿದ ತುತ್ತಿಗೂ ತಲೆ ಸುತ್ತಬೇಕು” ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದರು. ಬ್ರಷ್ ಹಿಡಿದಾಗ ಮಾತ್ರ ಆ ಕಾಲುಗಳು ಒಂದು ಕಡೆ ನಿಲ್ಲುತ್ತಿದ್ದವು.

ಅಂಗಡಿಗಳ ಬೋರ್ಡು ಬರೆದು ಪಳಗಿದ ಕೈ ಅದು. ಬೋರ್ಡುಗಳೆಲ್ಲ ಮೆಷಿನ್ನಿನಿಂದ ಪ್ರಿಂಟಾಗಿ ಬರತೊಡಗಿದ ಮೇಲೆ ಅವರಿಗೆ ಉಳಿದದ್ದು ಶಾಲೆಯ ಗೋಡೆಗಳು. ಅದರಲ್ಲೂ ಆಹಾರ ಸರಪಳಿ ಬರೆಯಲು ಅವರೇ ಆಗಬೇಕು. ಮೂಲೆಯಲ್ಲಿ ಸೂರ್ಯ, ಕೆಳಗೆ ಹುಲ್ಲು, ಮಿಡತೆ, ಕಪ್ಪೆ, ಹಾವು, ಎಲ್ಲಕ್ಕೂ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಆ ಹದ್ದಿನ ಕಣ್ಣಿಗೆ ಹೆದರಿ ಚಿಕ್ಕ ಮಕ್ಕಳು ಗೋಡೆಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಊರಿನ ಎಷ್ಟೋ ಶಾಲೆಗಳಲ್ಲಿ ಅದೇ ಹದ್ದು, ಅಡಿಯಲ್ಲಿ ಪೇಂಟರ ಸಹಿ.

ಹೊಸದಾಗಿ ವಿಜ್ಞಾನದ ಟೀಚರಾಗಿ ಸೇರಿದ ಸೊಸೆಗೆ ಸಿಕ್ಕಿದ್ದೂ ಅಂಥದೇ ಗೋಡೆಯ ಕ್ಲಾಸು. ಭಾನುವಾರ ಮಧ್ಯಾಹ್ನ, ಮಾವ ತಟ್ಟೆ ಹಿಡಿದು ಓಡಾಡುತ್ತಿದ್ದಾಗ, ಅವಳು ಬಾಗಿಲಿಗೆ ಒರಗಿ ನಿಂತಳು.

“ಮಾವ, ಒಂದು ಮಾತು. ಕೋಪ ಮಾಡ್ಕೋಬಾರದು.”

“ಕೋಪ ಬರೋ ಮಾತಿಗೇ ಇಷ್ಟು ಪೀಠಿಕೆ ಇರೋದು. ಹೇಳಮ್ಮ.”

“ನಾಳೆ ಆಹಾರ ಸರಪಳಿ ಪಾಠ ಇದೆ. ನಿಮ್ಮ ಗೋಡೇಲಿ ಬಾಣಗಳೆಲ್ಲ ಉಲ್ಟಾ ಇವೆ.”

ಪೇಂಟರು ನಿಂತುಬಿಟ್ಟರು. “ಉಲ್ಟಾನಾ? ಹಾವು ಕಪ್ಪೆ ಕಡೆ ಹೋಗತ್ತೋ, ಕಪ್ಪೆ ಹಾವಿನ ಕಡೆ ಹೋಗತ್ತೋ? ‘ಊಟಕ್ಕೆ ಈ ಕಡೆ’ ಅಂತ ಎಷ್ಟು ಹೋಟೆಲಿಗೆ ಬರೆದುಕೊಟ್ಟಿದೀನಿ. ಬಾಣ ಹಸಿದವನ ಕಡೆ ತಿರುಗಿಸಿದ್ರೆ ಒಳಗೆ ಯಾರು ಬರ್ತಾರೆ?”

ಮೊದಲ ಸಲ ಗೋಡೆ ಬರೆಯುವಾಗ ನೋಡಿ ಬರೆಯಲೆಂದು ಶಾಲೆಯವರು ಕೊಟ್ಟಿದ್ದ ಪುಸ್ತಕದಲ್ಲಿ ಬಾಣಗಳು ಸರಿಯಾಗಿಯೇ ಇದ್ದವು. ಅಚ್ಚಿನವನು ಎಡವಿದ್ದಾನೆ ಎಂದುಕೊಂಡು ಅವರೇ ತಿರುಗಿಸಿದ್ದರು. ಇಷ್ಟು ದಿನ ಅದೊಂದು ಹೆಮ್ಮೆಯ ವಿಷಯವಾಗಿತ್ತು.

“ಯಾರು ಯಾರನ್ನ ಅಟ್ಟಿಸ್ಕೊಂಡು ಹೋಗ್ತಾರೆ ಅಂತ ಬಾಣ ಹೇಳಲ್ಲ ಮಾವ. ಶಕ್ತಿ ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ಹೇಳತ್ತೆ. ಹುಲ್ಲಲ್ಲಿರೋದು ಮಿಡತೆಗೆ, ಮಿಡತೇಲಿರೋದು ಕಪ್ಪೆಗೆ. ಈಗ ನೀವು ಉಣ್ತಿಲ್ವಾ? ತುತ್ತು ತಟ್ಟೆಯಿಂದ ಬಾಯಿಗೆ ಹೋಗತ್ತೆ, ಬಾಯಿಂದ ತಟ್ಟೆಗಲ್ಲ.”

“ಇವರ ಬಾಯಿಂದ ಆಚೆ ಬರೋದು ಬೈಗುಳ ಒಂದೇ” ಎಂದರು ಹೆಂಡತಿ ಒಳಗಿನಿಂದ.

“ನೀನು ಸುಮ್ನಿರೇ.” ಪೇಂಟರು ಸೊಸೆಯ ಕಡೆ ತಿರುಗಿದರು. “ಹಾಗಾದ್ರೆ ನಾಳೆ ಏನ್ ಮಾಡ್ತೀಯ?”

ಅವಳು ಕಾಲಬೆರಳನ್ನು ನೋಡಿಕೊಂಡಳು. “ಗೋಡೆಗೆ ಬೆಡ್‌ಶೀಟ್ ಕಟ್ತೀನಿ. ಮಕ್ಕಳು ಗೋಡೇನೇ ನೋಡ್ಕೊಂಡು ಪರೀಕ್ಷೇಲಿ ಬರೀತಾರೆ ಮಾವ. ತಪ್ಪಾಗತ್ತೆ.”

ತಮ್ಮ ಹದ್ದಿಗೆ ಮುಸುಕು! ಪೇಂಟರು ಅರ್ಧ ಊಟಕ್ಕೇ ಕೈ ತೊಳೆದು ಚಪ್ಪಲಿ ಮೆಟ್ಟಿದರು. ಬಿಸಿಲಿನಲ್ಲಿ ಬೀದಿ ಬೀದಿ ಸುತ್ತಿದರು. ಟೈಲರ್ ಕೂಗಿ ಕರೆದದ್ದು ಕೇಳಿಸಲಿಲ್ಲ. ಮಾಸಿದ ಹಳೆಯ ಬೋರ್ಡುಗಳ ಮೇಲೆ ತಾವೇ ಬರೆದ ಬಾಣಗಳನ್ನು ಕಂಡಾಗಲೆಲ್ಲ ಮನಸ್ಸು ‘ನಾನೇ ಸರಿ’ ಎನ್ನುತ್ತಿತ್ತು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಅದೇ ಮನಸ್ಸು ತಟ್ಟೆ, ತುತ್ತು ಎನ್ನುತ್ತಿತ್ತು. ಬೀದಿಯ ಕೊನೆಯ ಮನೆಯ ಮುಂದೆ ಒಂದು ಆಡು ಹಸಿರು ಬೇಲಿಯನ್ನು ಮೇಯುತ್ತಿತ್ತು. ಪೇಂಟರು ಸುಮ್ಮನೆ ನೋಡಿದರು. ಚಿಗುರು ಒಂದೊಂದಾಗಿ ಆಡಿನೊಳಗೆ ಇಳಿಯುತ್ತಿತ್ತು. ಬೇಲಿ ಆಡಾಗುತ್ತಿತ್ತು. ಎಷ್ಟು ಹೊತ್ತು ನಿಂತರೂ ಆಡು ಬೇಲಿಯಾಗಲಿಲ್ಲ.

“ಥೂ ನಿನ್ನ” ಎಂದು ಬೈದು ಮನೆಗೆ ಬಂದರು. ಬೈದದ್ದು ಆಡಿಗೋ ತಮಗೋ ಅವರಿಗೇ ತಿಳಿಯಲಿಲ್ಲ.

ಮರುದಿನ ಶಾಲೆಯ ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರೂ ಅಲ್ಲಿದ್ದರು. ಸೊಸೆ ಏಣಿ ಹಿಡಿದಳು. ಪೇಂಟರು ಹಳೆಯ ಬಾಣಗಳಿಗೆ ಬಿಳಿ ಬಳಿದು, ಅದು ಆರುವವರೆಗೆ ಬೆಂಚುಗಳ ನಡುವೆ ಶತಪಥ ಹಾಕಿದರು.

“ಹುಲ್ಲಿಂದ ಹೊರಡೋ ಬಾಣ ದಪ್ಪ ಇರಲಿ ಮಾವ. ಮೇಲೆ ಹೋಗ್ತಾ ಹೋಗ್ತಾ ಸಣ್ಣ ಮಾಡಿ.”

“ಯಾಕೆ?”

“ಮಿಡತೆ ತಿಂದದ್ದೆಲ್ಲ ಕಪ್ಪೆಗೆ ಸಿಗಲ್ಲ. ಹಾರೋಕೆ, ಉಸಿರಾಡೋಕೆ ಖರ್ಚಾಗಿರತ್ತೆ. ಮೇಲಿನವರಿಗೆ ಉಳಿಯೋದು ಚೂರೇ ಚೂರು. ಅದಕ್ಕೇ ಹುಲ್ಲು ರಾಶಿ, ಹದ್ದು ಒಂದೋ ಎರಡೋ.”

ಹದ್ದಿಗೆ ಸೇರುವ ಬಾಣವನ್ನು ಪೇಂಟರು ಕೂದಲೆಳೆಯಷ್ಟೇ ಬರೆದರು. ಆಮೇಲೆ ಬ್ರಷ್ ಮೇಲೆತ್ತಿ ಕೇಳಿದರು. “ಹದ್ದನ್ನ ಯಾರು ತಿಂತಾರೆ?”

“ಸತ್ತ ಮೇಲೆ ಬೂಷ್ಟು, ಅಣಬೆ, ಕಣ್ಣಿಗೆ ಕಾಣದ ಜೀವಿಗಳು. ಎಲ್ಲರನ್ನೂ ಅವೇ ಕೊಳೆಸೋದು. ಸಾರ ಮಣ್ಣಿಗೆ ಹೋಗತ್ತೆ, ಮಣ್ಣಿಂದ ಮತ್ತೆ ಹುಲ್ಲಿಗೆ.”

“ಅಯ್ಯೋ, ಅಷ್ಟು ಕೆಲಸ ಮಾಡೋವ್ರನ್ನ ನಾನು ಬರೆದೇ ಇಲ್ವಲ್ಲಮ್ಮ!” ಸಹಿಯ ಪಕ್ಕದಲ್ಲಿ ಅವಸರದಿಂದ ಒಂದು ಅಣಬೆ ಎದ್ದಿತು. “ಸೂರ್ಯನಿಗೂ ವಾಪಸ್ ಒಂದು ಬಾಣ ಬರೀಲಾ?”

“ಬೇಡ. ಸಾರ ಸುತ್ತಿ ಬರತ್ತೆ, ಶಕ್ತಿ ಬರಲ್ಲ. ಬಿಸಿಯಾಗಿ ಹೋಗೇ ಬಿಡತ್ತೆ.”

ಗಂಟೆ ಹೊಡೆಯಿತು. ಮಕ್ಕಳು ನುಗ್ಗಿದರು, ಹಸಿ ಬಣ್ಣಕ್ಕೆ ಬೆರಳಿಡಬೇಡಿ ಎಂದು ಟೀಚರ್ ಕೂಗಿದಳು. ಗೋಡೆಗೆ ಬೆಡ್‌ಶೀಟು ಬೇಕಾಗಲಿಲ್ಲ. ಆದರೂ ಪೇಂಟರ ಎದೆ ತಣ್ಣಗಾಗಲಿಲ್ಲ. ಉಳಿದ ಶಾಲೆಗಳಲ್ಲೂ ಈಗ ಇದೇ ಗಂಟೆ ಹೊಡೆದಿರುತ್ತದೆ. ಮನೆಗೆ ಹೋಗದೆ, ಬಣ್ಣದ ಡಬ್ಬಗಳನ್ನು ಸೈಕಲ್ಲಿಗೆ ಸಿಕ್ಕಿಸಿ ಪಕ್ಕದ ಬಡಾವಣೆಯ ಶಾಲೆಗೆ ಹೊರಟರು.

ಅಲ್ಲಿನ ಗುಮಾಸ್ತ ನಕ್ಕ. “ನಿಮ್ಮ ಚಿತ್ರದ ಮುಂದೆ ಬೀರು ಇಟ್ಟು ಎಷ್ಟೋ ಕಾಲವಾಯ್ತು. ಯಾರಿಗೂ ಕಾಣಲ್ಲ, ಬಿಡಿ ಯಜಮಾನ್ರೇ.”

ಮಕ್ಕಳು ಆಟಕ್ಕೆ ಹೋಗಿದ್ದ ಆ ಕೋಣೆಗೆ ಪೇಂಟರು ಹೋಗಿ ನೋಡಿದರು. ಬೀರುವಿನ ಅಂಚಿನಾಚೆ ಹಾವಿನ ತಲೆಯೂ ಕಪ್ಪೆಯೂ ಕಾಣುತ್ತಿದ್ದವು, ನಡುವೆ ಒಂದು ಬಾಣ. ಅದರ ಪಕ್ಕದ ಬೆಂಚಿನ ಮೇಲೆ ಯಾವುದೋ ಮಗುವಿನ ಚೀಲವಿತ್ತು.

“ಇಲ್ಲಿ ಕೂರೋ ಮಗುಗೆ ಕಾಣತ್ತಲ್ರೀ” ಎಂದು ಪೇಂಟರು ಡಬ್ಬ ಕೆಳಗಿಟ್ಟು ಬೀರುವಿಗೆ ಭುಜ ಕೊಟ್ಟರು. ಅದು ಅಲುಗಲಿಲ್ಲ. ಪುಸ್ತಕ ತುಂಬಿದ ಕಬ್ಬಿಣದ ಬೀರು. ಅವರು ಕಾಲು ಊರಿ ಮತ್ತೆ ನೂಕಿದರು.

“ನೋಡ್ತಾ ನಿಂತ್ರೆ ಹೇಗೆ ಸ್ವಾಮಿ? ಒಂದು ಕೈ ಹಾಕಿ.”

ಗುಮಾಸ್ತ ಗೊಣಗುತ್ತಾ ಅಂಗಿಯ ತೋಳು ಮಡಚಿದ.