ಪಾವಗಡಕ್ಕೆ ಸಮುದ್ರ ಬಂದ ಮೇಲೆ

ಶಿರಾದ ನಿಯಾಜ್ ಅಹಮದ್ ಸಾಬರಿಗೆ ಮಿಕ್ಸಿ ರಿಪೇರಿ ಹೊಟ್ಟೆಪಾಡು, ಚರಿತ್ರೆ ರಿಪೇರಿ ಚಟ. ಮೊಘಲರ ಸುಬೇದಾರರು ಕೂತು ಆಳಿದ ಊರು ಈಗ ಹೈವೇ ಪಕ್ಕದ ಬರೀ ತಾಲ್ಲೂಕು ಆಗಿಹೋಯಿತಲ್ಲ ಅನ್ನುವುದು ಅವರ ಹೊಟ್ಟೆಯುರಿ. ಅದಕ್ಕೇ ಒಂದು ಆಟ ಕಟ್ಟಿದರು. ಹಳೇ ಫ್ಲೆಕ್ಸ್ ಬ್ಯಾನರಿನ ಬೆನ್ನಿಗೆ ಮಾರ್ಕರಿನಲ್ಲಿ ನಕ್ಷೆ ಬರೆದರು. ಆ ನಕ್ಷೆಯಲ್ಲಿ ಇವತ್ತಿಗೂ ರಾಜಧಾನಿ ಶಿರಾವೇ. ವಿಧಾನಸಭೆ ಕೋಟೆಯೊಳಗೆ, ವಿಮಾನ ನಿಲ್ದಾಣ ಬರಗೂರಿನ ಹೊಲದಲ್ಲಿ. ಬೆಂಗಳೂರಾ? ಅದೊಂದು ಸಂತೆ ಊರು. ಅಲ್ಲಿನವರು ಒಂದು ಸಹಿ ಬೇಕಾದರೂ ಶಿರಾಕ್ಕೆ ಬಸ್ಸು ಹತ್ತಿ ಬಂದು, ಸಾಹೇಬರು ಊಟಕ್ಕೆ ಹೋಗಿದ್ದಾರೆ ಅನ್ನಿಸಿಕೊಂಡು ವಾಪಸ್ಸು ಹೋಗಬೇಕು. ಈ ನಿಯಮ ಮಾಡಿದ ದಿನ ಸಾಬರು ಎರಡು ತುತ್ತು ಜಾಸ್ತಿ ಉಂಡರು.

ಭಾನುವಾರ ಮಧ್ಯಾಹ್ನ ಟೈಲರ್ ತಿಮ್ಮರಾಜುವಿನ ಅಂಗಡಿಯಲ್ಲಿ ಆಟ. ದಾಳ ಉರುಳಿಸುವುದು, ಅಂಗಿಯ ಗುಂಡಿಗಳನ್ನು ಊರಿಂದೂರಿಗೆ ನಡೆಸುವುದು. ತಿಮ್ಮರಾಜು ಬರಗೂರಿನವನು, ಅದೇ ಅವನ ಸೀಮೆ. ಮಧುಗಿರಿ, ಕೊರಟಗೆರೆ ಎರಡೂ ಬಸ್ ಕಂಡಕ್ಟರ್ ವೃಷಭೇಂದ್ರಪ್ಪನವು. ಬರದ ಸೀಮೆ ಪಾವಗಡ ಜಗದಾಂಬಳದು. ಶಿರಾದಲ್ಲಿ ಸೀರೆ ಅಂಗಡಿ ಇಟ್ಟಿರುವ ಅವಳು ಬಾಯಿ ಬಿಟ್ಟರೆ ತವರಿನ ತೆಲುಗೂ ಜೊತೆಗೇ ಉದುರುತ್ತದೆ. ಏನು ನಡೆಯಬಹುದು, ಏನು ನಡೆಯಬಾರದು ಅನ್ನುವ ತೀರ್ಪು ಮಾತ್ರ ಸಾಬರದು.

ಜಗಳ ಎದ್ದದ್ದು ಸಮುದ್ರದಿಂದ.

"ಸಾಬ್ರೇ, ನಮ್ ಪಾವಗಡಕ್ಕೆ ಒಂದು ಸಮುದ್ರ ಬೇಕು," ಅಂದಳು ಜಗದಾಂಬ.

"ಚರಿತ್ರೆ ಬದಲಾಯಿಸಬಹುದಮ್ಮ, ಭೂಗೋಳ ಬದಲಾಯಿಸೋಕಾಗಲ್ಲ."

"ಅಯ್ಯೋ ದೇವುಡಾ! ನಿಮಗೆ ಸುಳ್ಳು ರಾಜಧಾನಿ ಆಗ್ಬೋದು, ನಮಗೆ ಸುಳ್ಳು ನೀರು ಆಗ್ಬಾರ್ದಾ?"

ಕಂಡಕ್ಟರ್ ಕಿಸಕ್ಕನೆ ನಕ್ಕ. "ಕೊಟ್ಬುಡಿ ಸಾಬ್ರೇ, ನಿಮ್ ಗಂಟೇನು ಹೋಗ್ತದೆ," ಅಂದ ತಿಮ್ಮರಾಜು. ಸಾಬರಿಗೆ ಮೈಯೆಲ್ಲ ಉರಿದುಹೋಯಿತು. ಮಾರ್ಕರ್ ಬಿಸಾಕಿ, "ನಾನಿಲ್ದೆ ಎರಡು ವಾರ ಆಡ್ರಿ ನೋಡೋಣ," ಅಂತ ಎದ್ದು ನಡೆದರು.

ಮುಂದಿನ ಭಾನುವಾರ ಮನೆಯಲ್ಲಿ ಕೂತು, ಚೆನ್ನಾಗಿಯೇ ತಿರುಗುತ್ತಿದ್ದ ಹೆಂಡತಿಯ ಮಿಕ್ಸಿ ಬಿಚ್ಚಿ ಹರಡಿದರು. "ಅಜೀ, ನಿಮ್ಮ ಜೀವ ಅಲ್ಲೇ ಇದೆ, ಹೋಗಿ ಬನ್ನಿ," ಅಂದರು ಅಫ್ಜಲುನ್ನೀಸಾ. "ಅವರೇ ಬಂದು ಕರೀಲಿ!" ಅಂದರು ಸಾಬರು. ಕರೆಯಲು ಒಂದು ನರಪಿಳ್ಳೆಯೂ ಬರಲಿಲ್ಲ. ಹೋಗಬೇಕು ಅಂತ ಕಾಲು ತುಡಿಯುತ್ತಿತ್ತು, ಬಿಗುಮಾನ ಬಿಡುತ್ತಿರಲಿಲ್ಲ.

ಬಂದದ್ದು ಸುದ್ದಿ ಮಾತ್ರ. ಕಂಡಕ್ಟರ್ ಫುಟ್‌ಬೋರ್ಡಿನಿಂದಲೇ ಕೂಗಿ ಹೇಳಿ ಹೋಗುತ್ತಿದ್ದ. ಪಾವಗಡಕ್ಕೆ ಹಡಗಿನ ಬಂದರು ಆಯಿತು. ಮದಲೂರು ಕೆರೆಯಲ್ಲಿ ಹಡಗು ರಿಪೇರಿ ಶುರುವಾಯಿತು. ಗೊರವನಹಳ್ಳಿ ಲಕ್ಷ್ಮಿಯ ಭಕ್ತರು ಈಗ ದೋಣಿಯಲ್ಲೇ ಬರುತ್ತಾರೆ. ಕಡೆಗೆ ಬೆಂಗಳೂರಿನವರಿಗೆ ಕೂತಲ್ಲೇ ಸಹಿಯಂತೆ! ಅದನ್ನು ಕೇಳಿದ ದಿನ ಸಾಬರಿಗೆ ಅನ್ನ ಸೇರಲಿಲ್ಲ. ಆಟ ಹಾಳಾಗಿದ್ದರೆ ಸಂತೋಷಪಡಬಹುದಿತ್ತು. ಹಾಳಾಗುವ ಬದಲು ಅದು ಬೆಳೆಯುತ್ತಿತ್ತು.

ಒಂದು ದಿನ ಅಫ್ಜಲುನ್ನೀಸಾ ಸೀರೆ ಅಂಗಡಿಯಿಂದ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡೇ ಬಂದರು. "ನಕ್ಷೆಯಲ್ಲಿ ನಿಮಗೊಂದು ಗುಂಬಜ್ ಕಟ್ಟಿದಾರಂತೆ. ವರ್ಷಕ್ಕೊಂದು ಉರುಸ್ ಬೇರೆ!"

"ಯಾ ಅಲ್ಲಾ, ನಾನಿನ್ನೂ ಬದುಕಿದೀನಿ!"

"ಅದನ್ನ ನನಗ್ಯಾಕೆ ಹೇಳ್ತೀರಿ, ಅವರಿಗೆ ಹೇಳಿ."

ಭಾನುವಾರ ಸಾಬರು ನೇರ ಟೈಲರ್ ಅಂಗಡಿಗೆ ನುಗ್ಗಿದರು. ಶಿರಾದ ನಡುಮಧ್ಯೆ ಕೋಟಿನ ದೊಡ್ಡ ಹಸಿರು ಗುಂಡಿಯೊಂದು ಕೂತಿತ್ತು. ಅದೇ ಅವರ ಗೋರಿ. ಅಲ್ಲಿ ನಿಂತು ಹರಕೆಯ ಸಕ್ಕರೆ ಓದಿಸಿದವರಿಗೆ ಇನ್ನೊಂದು ಸಲ ದಾಳ.

"ಏನ್ರಪ್ಪಾ ಇದು, ಬದುಕಿರೋನ್ನ ಹೂತುಬಿಟ್ರಾ?"

ತಿಮ್ಮರಾಜು ನಿಜಕ್ಕೂ ನೊಂದುಕೊಂಡ. "ಗೌರವಕ್ಕೆ ಕಣ್ರೀ ಸಾಬ್ರೇ! ಊರು ಕಟ್ಟಿದೋರು ಎದ್ದು ಹೋದ್ಮೇಲೆ ಶಿರಾದಾಗೆ ಗುಂಬಜ್ ಕಟ್ಟದೆ ಇನ್ನೇನು ಕಟ್ಟಾನ?"

"ಕೀಳ್ರೀ ಅದನ್ನ!"

"ಹೋದೋರು ಆಟದಲ್ಲಿ ಮಾತಾಡಂಗಿಲ್ಲ," ಅಂದಳು ಜಗದಾಂಬ.

ಸಾಬರು ನಕ್ಷೆಯ ಮೇಲೆ ಬಗ್ಗಿ ನೋಡಿದರು. ಪಾವಗಡದ ತನಕ ನೀಲಿ ಮಾರ್ಕರ್ ಹರಡಿತ್ತು, ಹಡಗುಗಳು ಓಡಾಡುತ್ತಿದ್ದವು. ನಡುವೆ ಅವರ ಶಿರಾ ರಾಜಧಾನಿಯಾಗಿಯೇ ಇತ್ತು. ಅವರೊಬ್ಬರು ಮಾತ್ರ ಯಾರಿಗೂ ಬೇಕಾಗಿರಲಿಲ್ಲ. ಈಗ ಮನೆಗೆ ಹೋದರೆ ಮರ್ಯಾದೆಯಿಂದ ಸತ್ತವರಾಗಿಯೇ ಉಳಿಯಬಹುದು. ಅಂಥ ಮರ್ಯಾದೆ ತಗೊಂಡು ಏನು ನೆಕ್ಕೋಣ ಅನ್ನಿಸಿತು.

"ಈ ದರ್ಗಾ ನೋಡ್ಕೊಳ್ಳೋಕೆ ಮುಜಾವರ್ ಯಾರು?" ಅಂತ ಕೇಳಿದರು.

ಮೂವರೂ ಮುಖ ಮುಖ ನೋಡಿಕೊಂಡರು. "ಇನ್ನೂ ಯಾರೂ ಇಲ್ಲ," ಅಂದ ಕಂಡಕ್ಟರ್.

ಸಾಬರು ಸ್ಟೂಲು ಎಳೆದುಕೊಂಡು ಕೂತರು. ಹಸಿರು ಗುಂಡಿಯ ಮೇಲಿನ ಧೂಳನ್ನು ಟವೆಲಿನಿಂದ ಒರೆಸಿದರು. ಜಗದಾಂಬ ದಾಳ ಉರುಳಿಸಿದಳು. ಹಡಗಿಳಿದ ಅವಳ ಗುಂಡಿ ನಡೆದುಕೊಂಡು ಬಂದು ಗುಂಬಜಿನ ಮುಂದೆ ನಿಂತಿತು.

"ಒಳಗೆ ಮಲಗಿರೋರು ಎಂಥೋರು, ಮುಜಾವರ್ ಸಾಬ್ರೇ?"

"ಒಳ್ಳೇ ಮನುಷ್ಯ ಕಣಮ್ಮ," ಅಂದರು ನಿಯಾಜ್ ಸಾಬರು. "ಕೇಳಿದ ಹೆಣ್ಣುಮಗಳಿಗೆ ಒಂದು ಸಮುದ್ರ ಕೊಡಲಾರದೆ ಸತ್ತ."